ಹೆಣದ ಪಾತ್ರ

ತಾನು ಸತ್ತು ಮಲಗಿದ್ದಾಗ ಅತ್ತದ್ದು ಕ್ಯಾಮೆರಾದಲ್ಲಿ ಬಿದ್ದಿದೆಯೋ ಇಲ್ಲವೋ ಎಂಬ ಒಂದೇ ಚಿಂತೆ ಅಕ್ಷೋಭ್ಯನನ್ನು ಮಾನ್ವಿಯ ಬಸ್ ನಿಲ್ದಾಣದಿಂದ ಕಲ್ಲೂರು ದಾಟುವವರೆಗೂ ಕೊರೆಯುತ್ತಿತ್ತು. ಪಕ್ಕದ ಸೀಟಿನವನು ಇವನ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಬೇರೆ ದಿನವಾಗಿದ್ದರೆ ಅಕ್ಷೋಭ್ಯ ಆ ತಲೆಯನ್ನು ಹೇಗೆ ಸರಿಸುವುದು, ಸರಿಸಿದರೆ ಅವನು ಏನಂದುಕೊಂಡಾನು ಎಂದು ರಾಯಚೂರಿನವರೆಗೂ ಯೋಚಿಸುತ್ತಿದ್ದ. ಇವತ್ತು ಅದಕ್ಕೂ ಪುರುಸೊತ್ತಿಲ್ಲ. ಜನ ಸಿನಿಮಾಕ್ಕೆ ಹೋಗುವುದು ಬೇರೆಯವರನ್ನು ನೋಡಲಿಕ್ಕೆ. ಇವನು ಹೊರಟದ್ದು ತನ್ನ ಹೆಣವನ್ನು ನೋಡಲಿಕ್ಕೆ. ಗೆಳೆಯ ನಿಂಗರಾಜ ತೆಗೆದ ಕಿರುಚಿತ್ರ ‘ಕಡೀ ಕಂಬಳಿ’, ಅಂದರೆ ಕೊನೆಯ ಕಂಬಳಿ, ಇವತ್ತು ಮಧ್ಯಾಹ್ನ ರಾಯಚೂರಿನ ಕಿರುಚಿತ್ರೋತ್ಸವದಲ್ಲಿ ತೋರಿಸುವವರಿದ್ದರು. ಅದರಲ್ಲಿ ಅಕ್ಷೋಭ್ಯ ಕುರುಬರ ಹಿರಿಯನ ಶವ. ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಶವ. ಹೆಣಕ್ಕೆ ಇರುವ ಕೆಲಸ ಒಂದೇ, ಏನೂ ಮಾಡದಿರುವುದು. ಬದುಕಿನುದ್ದಕ್ಕೂ ಅದನ್ನೇ ಮಾಡಿಕೊಂಡು ಬಂದವನಿಗೆ, ನಾಲ್ಕು ಜನರ ಎದುರು ಮಾಡಬೇಕಾಗಿ ಬಂದ ಆ ಒಂದೇ ಮಧ್ಯಾಹ್ನ ಅಷ್ಟೂ ಸಾಧ್ಯವಾಗಲಿಲ್ಲ.

‘ನಿನ್ನ ಮುಖದಾಗ ಏನೂ ನಡಿಯಂಗಿಲ್ಲಲೇ ಆಚಾರಿ, ಅದಕ್ಕ ನೀನ ಬೇಕು’ ಎಂದಿದ್ದ ನಿಂಗರಾಜ, ಪಾತ್ರ ಕೊಡುವಾಗ. ಗುಂಜಹಳ್ಳಿಯ ಕುರಿ ಕಾಯುವ ಮನೆತನದವನು, ಈಗ ರಾಯಚೂರಿನಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಡಿಗ್ರಿ ಕಾಲೇಜಿನಲ್ಲಿ ಒಂದೇ ಬೆಂಚು ಸವೆಸಿದ ಮೂವರಲ್ಲಿ ಇವನೊಬ್ಬ. ಇನ್ನೊಬ್ಬಳು ಮೆಹನಾಜ್, ದೇವದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಮದುವೆಯ ವಿಡಿಯೋ ತೆಗೆಯುವವಳು. ಮೂರನೆಯವನು ಮಾನ್ವಿಯ ಖಾಸಗಿ ಪಿಯು ಕಾಲೇಜಿನ ಗಣಿತದ ಲೆಕ್ಚರರ್, ಅಂದರೆ ಹೆಣ. ಮುಖದಲ್ಲಿ ಏನೂ ನಡೆಯುವುದಿಲ್ಲ ಎಂಬ ಮಾತು ಅವನಿಗೆ ವಾರವಿಡೀ ಚುಚ್ಚಿತ್ತು. ಕನ್ನಡಿಯ ಮುಂದೆ ನಿಂತು ಒಂದಿಷ್ಟು ನಡೆಸಲು ನೋಡಿದ. ಹುಬ್ಬು ಏರಿಸಿದ, ಮೂಗು ಅರಳಿಸಿದ. ಹಿಂದೆ ಬಂದು ನಿಂತ ಹೆಂಡತಿ ಪೂರ್ಣಶ್ರೀ, ‘ಹಲ್ಲು ಬ್ಯಾನಿ ಏನ್ರಿ? ಲವಂಗ ಕೊಡ್ಲೇನು?’ ಎಂದಳು. ತಾಯಿ ಜಾನಕಿಬಾಯಿಗೆ ಮಾತ್ರ ಅವನು ಜಮೀನ್ದಾರನ ಪಾತ್ರ ಎಂದು ಹೇಳಿದ್ದ. ‘ಮಾತು ಎಷ್ಟವ?’ ಎಂದು ಕೇಳಿದ್ದಳು ಆಕೆ. ‘ಮಾತು ಕಡಿಮಿ ಅಮ್ಮಾ. ಗಂಭೀರ ಪಾತ್ರ.’ ಮಠದಲ್ಲಿ ಮಧ್ಯಾಹ್ನದ ಪಂಕ್ತಿಗೆ ಕೂತ ಹೆಂಗಸರಿಗೆಲ್ಲ ಮಗ ಸಿನಿಮಾದಲ್ಲಿ ಜಮೀನ್ದಾರನಾಗಿದ್ದಾನೆ ಎಂದು ಸಾರಿಕೊಂಡು ಬಂದಿದ್ದಳು.

ಬಸ್ಸು ಇಳಿದು ಆಟೋ ಹಿಡಿದು ಬಂದರೆ, ಉತ್ಸವ ನಡೆಯುತ್ತಿದ್ದುದು ಸ್ಟೇಷನ್ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನ ಅಲ್ಲಿ ಯಾರದೋ ಮದುವೆಯಾಗಿತ್ತು. ವೇದಿಕೆಯ ಮೇಲೆ ಬಿಳಿ ಪರದೆ ಇಳಿಬಿಟ್ಟಿದ್ದರೂ ಅದರ ನೆತ್ತಿಯ ಮೇಲೆ ವಧುವರರ ಹೆಸರಿನ ಥರ್ಮೋಕೋಲ್ ಅಕ್ಷರಗಳು ಹಾಗೇ ಹೊಳೆಯುತ್ತಿದ್ದವು. ಬೆಂಗಳೂರಿನಿಂದ ಬಂದ ತೀರ್ಪುಗಾರರಿಬ್ಬರನ್ನು ಗಂಡು ಹೆಣ್ಣು ಕೂರುವ ಕೆಂಪು ಮಕಮಲ್ಲಿನ ಸಿಂಹಾಸನಗಳಲ್ಲಿ ಕೂರಿಸಿದ್ದರು. ಅವರಲ್ಲಿ ಗಡ್ಡದವರು ವರನ ಕಡೆ, ಗಡ್ಡವಿಲ್ಲದವರು ವಧುವಿನ ಕಡೆ. ಮೂಲೆಯಲ್ಲಿ ಕೂಲರ್ ಗುಡುಗುತ್ತಿತ್ತು. ಗಾಳಿ ಮಾತ್ರ ಅದರ ಎದುರಿಗಿದ್ದ ಒಂದೇ ಕುರ್ಚಿಗೆ, ಆ ಕುರ್ಚಿಯ ಮೇಲೆ ಯಾರೋ ಟವೆಲ್ ಹಾಕಿಟ್ಟು ಹೋಗಿದ್ದರು.

‘ಬಂತು ನೋಡು ಮಯ್ಯತ್’ ಎಂದು ಮೆಹನಾಜ್ ಕೈ ಎತ್ತಿದಳು. ಬಾಯಿಯಲ್ಲಿ ಸೋಂಪು. ‘ಯಾರ್, ಸತ್ತವ ಇಷ್ಟು ಇಸ್ತ್ರಿ ಹಾಕ್ಕೊಂಡು ಬರ್ತಾನೇನು?’

‘ಸಿನಿಮಾ ಹೆಂಗ ಬಂದದ?’ ಎಂದು ಅಕ್ಷೋಭ್ಯ ಸಾಧ್ಯವಾದಷ್ಟು ಹಗುರವಾಗಿ ಕೇಳಿದ. ಈ ಪ್ರಶ್ನೆಯನ್ನು ಅವನು ಚಿತ್ರೀಕರಣ ಮುಗಿದಂದಿನಿಂದ ಬಗೆಬಗೆಯಲ್ಲಿ ಕೇಳುತ್ತ ಬಂದಿದ್ದ. ಕ್ಯಾಮೆರಾ ಹಿಡಿದವಳೂ ಇವಳೇ, ಎಡಿಟಿಂಗ್ ಮಾಡಿದವಳೂ ಇವಳೇ. ಆದರೆ ದೊಡ್ಡ ಪರದೆಯ ಮೇಲೆ ಬರುವ ತನಕ ಯಾರಿಗೂ ತೋರಿಸುವುದಿಲ್ಲ ಎಂದು ನಿಂಗರಾಜ ಆಣೆ ಹಾಕಿಕೊಂಡಿದ್ದ.

‘ಬಂದದ’ ಎಂದಳು ಮೆಹನಾಜ್, ಮುಖ ತಿರುಗಿಸಿ. ಅಕ್ಷೋಭ್ಯ ಆ ತಿರುಗಿಸಿದ ಮುಖವನ್ನೇ ನೋಡುತ್ತ ಪಕ್ಕದ ಕುರ್ಚಿಯಲ್ಲಿ ಕೂತ.

ಚಿತ್ರಗಳು ಶುರುವಾದವು. ಮೊದಲನೆಯದರಲ್ಲಿ ಒಬ್ಬ ಯುವಕ ಕೋಟೆಯ ಗೋಡೆಯ ಮೇಲೆ ಕೂತು ನಿಟ್ಟುಸಿರು ಬಿಟ್ಟ. ಡ್ರೋನು ಅವನನ್ನು ಮೇಲಿನಿಂದ, ಎಡದಿಂದ, ಬಲದಿಂದ ನೋಡಿ ತಾನೂ ಬೇಸತ್ತು ಹಾರಿಹೋಯಿತು. ಎರಡನೆಯದು ‘ತಿರುಗು’. ಅದರಲ್ಲಿ ಇದ್ದದ್ದು ಒಂದು ಸೀಲಿಂಗ್ ಫ್ಯಾನು. ಫ್ಯಾನು ತಿರುಗುತ್ತಿತ್ತು. ಬಹಳ ಹೊತ್ತು ತಿರುಗಿತು. ನಡುವೆ ಒಮ್ಮೆ ಕರೆಂಟು ಹೋದಂತಾಗಿ ನಿಧಾನವಾಯಿತು; ಆಗ ಸೆಖೆಯಲ್ಲಿ ಬೇಯುತ್ತಿದ್ದ ಸಭೆ ಒಂದೇ ಉಸಿರಿನಲ್ಲಿ ‘ಅಯ್ಯೋ’ ಎಂದಿತು. ಮತ್ತೆ ತಿರುಗಿದಾಗ ಚಪ್ಪಾಳೆ. ಗಡ್ಡದವರು ಏನನ್ನೋ ಮೆಚ್ಚಿಕೊಂಡು ತಲೆದೂಗಿದರು. ಅಕ್ಷೋಭ್ಯನೂ ಫ್ಯಾನು ನೋಡುತ್ತಲೇ ಇದ್ದ. ಆದರೆ ಅವನ ಮೈಗೆ, ಚಿತ್ರೀಕರಣದ ದಿನ ಗುಂಜಹಳ್ಳಿಯಲ್ಲಿ ಹೊದಿಸಿದ್ದ ಕರಿ ಕಂಬಳಿಯ ತುರಿಕೆ ಶುರುವಾಗಿತ್ತು. ನಿಂಗರಾಜನ ಮನೆಯ ಪಡಸಾಲೆ. ಇವನಿಗೆ ರುಮಾಲು ಸುತ್ತಿ, ಹಂದರಕ್ಕೆ ಹಬ್ಬಿದ ಬಳ್ಳಿಯಂಥ ಮೀಸೆ ಅಂಟಿಸಿ, ಹಣೆಗೆ ಅರಿಶಿನದ ಭಂಡಾರ ಬಡಿದು ಮಲಗಿಸಿದ್ದರು. ಜನಿವಾರ ಕಾಣಬಾರದೆಂದು ಒಳಗಿನ ಬನಿಯನ್ನಿಗೆ ಪಿನ್ನು ಚುಚ್ಚಿದ್ದರು. ಆ ಪಿನ್ನು ಬಿಚ್ಚಿಕೊಂಡು ಪಕ್ಕೆಗೆ ನೆಡುತ್ತಿತ್ತು. ಸತ್ತವನು ಪಿನ್ನು ಸರಿಮಾಡಿಕೊಳ್ಳುವಂತಿಲ್ಲ. ಆಗ ಬೂದೆಮ್ಮ ಬಂದಳು.

ನಿಜವಾಗಿಯೂ ಬಂದೇಬಿಟ್ಟಳು. ಮಂಟಪದ ಬಾಗಿಲಲ್ಲಿ ಗದ್ದಲವಾಗಿ ಅಕ್ಷೋಭ್ಯ ತಿರುಗಿ ನೋಡಿದರೆ, ನಿಂಗರಾಜನ ಸೋದರತ್ತೆ ಬೂದೆಮ್ಮ ಗುಂಜಹಳ್ಳಿಯ ಒಂದು ಟಂಟಂ ಗಾಡಿ ತುಂಬ ಜನರನ್ನು ಹಿಂದಿಟ್ಟುಕೊಂಡು, ಹಸಿರು ಇಳಕಲ್ ಸೀರೆ ಉಟ್ಟು, ಬುತ್ತಿಯ ಗಂಟು ಕಂಕುಳಲ್ಲಿ ಇರುಕಿಕೊಂಡು ಒಳಗೆ ಬರುತ್ತಿದ್ದಳು. ಊರಲ್ಲಿ ಯಾರು ಸತ್ತರೂ ಹಾಡಿಕೊಂಡು ಅಳಲು ಇವಳೇ ಬೇಕು. ನೆರೆಯ ಹಳ್ಳಿಗಳಿಂದಲೂ ಕರೆ ಬರುತ್ತಿತ್ತು. ‘ಕಡೀ ಕಂಬಳಿ’ಯಲ್ಲಿ ಸತ್ತವನ ತಂಗಿಯ ಪಾತ್ರ ಅವಳದು, ಅಂದರೆ ಸಿನಿಮಾದ ನಾಯಕಿ. ಕತ್ತಲಲ್ಲಿ ತಡವರಿಸಿ ಬಂದು, ಕೂಲರಿನ ಎದುರಿನ ಟವೆಲ್ಲನ್ನು ಎತ್ತಿ ಪಕ್ಕದವನ ತೊಡೆಯ ಮೇಲಿಟ್ಟು ತಾನು ಕೂತಳು. ಆಮೇಲೆ ಹಿಂದೆ ತಿರುಗಿ, ‘ಆಚಾರ್ರೇ, ಆರಾಮ ಅದೀರಿ? ನಮ್ಮ ಅಳೂದು ಬಂದು ಹೋತೇನ್ರಿ?’ ಎಂದು ಕೂಗಿ ಕೇಳಿದಳು.

‘ಇನ್ನೂ ಇಲ್ಲ ಯವ್ವಾ. ಇದು ಫ್ಯಾನು.’

‘ಫ್ಯಾನು ಸತ್ತೈತೇನ್ರಿ?’

ಸುತ್ತಲಿನವರು ನಕ್ಕರು. ಅಕ್ಷೋಭ್ಯನಿಗೆ ನಗು ಬರಲಿಲ್ಲ. ಅವಳ ದನಿ ಕೇಳಿದ್ದೇ ತಡ ಆವತ್ತಿನ ಹಾಡು ಕಿವಿಯಲ್ಲಿ ಎದ್ದಿತ್ತು. ಅವಳು ಬಂದವಳೇ ಇವನ ಎದೆಯ ಮೇಲೆ ಕೈಯಿಟ್ಟು, ಒಮ್ಮೆ ಗಂಟಲು ಸರಿಮಾಡಿಕೊಂಡು, ಎತ್ತಿದ್ದಳು. *ಯಪ್ಪಾ ನನ್ನಪ್ಪಾ, ಹಗೇವು ತುಂಬಿದ ಜೋಳದಂಥವನೇ. ಹಟ್ಟಿ ಬಾಗಲದಾಗ ನಿಂತರ ಹಟ್ಟಿ ತುಂಬುವಂಥವನೇ. ಬೈದವರಿಗೂ ನೀರು ಕೊಟ್ಟವನೇ. ನೀ ನಡದ ದಾರ್ಯಾಗ ಮುಳ್ಳು ಸೈತ ತಲಿ ಬಾಗಿಸ್ತಿತ್ತಲ್ಲೋ.* ಕಣ್ಣು ಮುಚ್ಚಿ ಬಿದ್ದಿದ್ದ ಅಕ್ಷೋಭ್ಯನಿಗೆ ಮೊದಲು ಮುಜುಗರವಾಯಿತು, ಯಾರೋ ಬೇರೆಯವರ ಫೋನಿಗೆ ಉತ್ತರ ಕೊಟ್ಟಂತೆ. ನಂತರ ಆ ಕೈಯ ಭಾರ ಎದೆಯ ಮೇಲೆ ಇಳಿಯಿತು. ಅವಳ ಬೆರಳುಗಳಲ್ಲಿ ಕುರಿಯ, ಹೊಗೆಯ ವಾಸನೆ ಇತ್ತು. ಮೂವತ್ತೆಂಟು ವರ್ಷದಲ್ಲಿ ಇಷ್ಟು ದೀರ್ಘವಾಗಿ ಅವನನ್ನು ಯಾರೂ ಹೊಗಳಿರಲಿಲ್ಲ. ಕಾಲೇಜಿನ ಪ್ರಾಂಶುಪಾಲರು ಒಮ್ಮೆ, ಶಿಕ್ಷಕರ ದಿನಾಚರಣೆಯಲ್ಲಿ, ‘ಸಮಯಕ್ಕೆ ಸರಿಯಾಗಿ ಬರುವ ಶ್ರೀಯುತ ಅಕ್ಷೋಭ್ಯ’ ಎಂದಿದ್ದರು. ಅಷ್ಟೇ ಅವನ ಆಸ್ತಿ. ಹಗೇವು ತುಂಬಿದ ಜೋಳ, ನೆಲದೊಳಗಿನ ಕಣಜ ತುಂಬಿದ ಜೋಳ ಎಂದರೆ? ಹಟ್ಟಿ ತುಂಬುವಂತೆ ನಿಲ್ಲುವುದು ಎಂದರೆ? ತನ್ನನ್ನಲ್ಲ, ಈಕೆ ಅಳುತ್ತಿರುವುದು ಸಿನಿಮಾದ ಹೆಣಕ್ಕೆ ಎಂದು ಗಣಿತದ ಮೇಷ್ಟ್ರು ಒಳಗೆ ಕೂತು ಸಾಬೀತು ಮಾಡುತ್ತಲೇ ಇದ್ದ. ಸಾಬೀತಾಗುವುದರೊಳಗೆ ಬಲಗಣ್ಣಿನ ಮೂಲೆ ಬಿಸಿಯಾಗಿ, ಒಂದು ಹನಿ ಹೊರಟು, ಭಂಡಾರದ ಹಳದಿ ಕಲಸಿಕೊಂಡು ಕಿವಿಯೊಳಗೆ ಇಳಿಯಿತು. ಕ್ಯಾಮೆರಾ ಬೂದೆಮ್ಮನ ಮುಖದ ಮೇಲಿತ್ತು ಎಂದೇ ಅವನು ನಂಬಿಕೊಂಡಿದ್ದ.

ಅಕ್ಷೋಭ್ಯ ಎಂದರೆ ಯಾವುದಕ್ಕೂ ಕಲಕದವನು. ಯತಿಗಳ ಹೆಸರು. ಅಪ್ಪ ಶೇಷಗಿರಿ ಮಾಸ್ತರರು ಆರಿಸಿ ಇಟ್ಟಿದ್ದರು, ಮಗ ಅದನ್ನು ಆಜ್ಞೆ ಎಂಬಂತೆ ಪಾಲಿಸಿಕೊಂಡು ಬಂದ. ಅಪ್ಪ ಹೋದ ದಿನವೂ ಕಲಕಲಿಲ್ಲ. ‘ಅಳಬ್ಯಾಡ, ಜೀವಕ್ಕ ದಾರಿ ತಪ್ಪತದ’ ಎಂದು ಜಾನಕಿಬಾಯಿ ಹೇಳಿದಳು. ಆಮೇಲೆ ದರ್ಭೆ, ಐಸ್ ಪೆಟ್ಟಿಗೆ, ಆಧಾರ್ ಕಾರ್ಡಿನ ಝೆರಾಕ್ಸು ಎಂದು ಅವನು ಮಾನ್ವಿಯ ಬಿಸಿಲಲ್ಲಿ ಸ್ಕೂಟರ್ ಮೇಲೆ ಓಡಾಡಿದ. ಮನೆಗೆ ಬಂದು ನೋಡಿದರೆ ಬಾಗಿಲ ಕಂಬಕ್ಕೆ ತಲೆ ಆನಿಸಿ ನಿಂಗರಾಜ ಹೋ ಎಂದು ಅಳುತ್ತಿದ್ದ. ಬಂದ ನೆಂಟರು ಅವನನ್ನೇ ಹಿರೀ ಮಗ ಎಂದುಕೊಂಡು ಸಮಾಧಾನ ಮಾಡುತ್ತಿದ್ದರು. ಅಕ್ಷೋಭ್ಯ ಐಸ್ ಪೆಟ್ಟಿಗೆಯವನ ಹತ್ತಿರ ನಿಂತು ಪ್ಲಗ್ಗು ಎಲ್ಲಿದೆ ಎಂದು ತೋರಿಸಿದ.

‘ಬಂತು ಬಂತು’ ಎಂದು ಗುಂಜಹಳ್ಳಿಯ ಕಡೆಯಿಂದ ಶಿಳ್ಳೆ ಎದ್ದಿತು. ಪರದೆಯ ಮೇಲೆ ‘ಕಡೀ ಕಂಬಳಿ’. ನಿಂಗರಾಜ ಓಡಿಬಂದು ಇವರ ಪಕ್ಕದ ಕುರ್ಚಿಯಲ್ಲಿ ಕುಸಿದ. ಬೆಳಗಿನಿಂದ ಏನೂ ತಿಂದಂತಿರಲಿಲ್ಲ. ಅಂಗೈ ಒರೆಸಿ ಒರೆಸಿ ಪ್ಯಾಂಟಿನ ಮೊಣಕಾಲು ಒದ್ದೆಯಾಗಿತ್ತು. ‘ಆಚಾರಿ, ಸಿಟ್ಟಾಗಬ್ಯಾಡ’ ಎಂದ, ಪರದೆಯಿಂದ ಕಣ್ಣು ತೆಗೆಯದೆ. ಯಾತಕ್ಕೆ ಎಂದು ಕೇಳುವುದರೊಳಗೆ ಹೆಣದ ಪಾದಗಳು ಬಂದವು. ಅಕ್ಷೋಭ್ಯನಿಗೆ ತನ್ನ ಪಾದಗಳು ಇಷ್ಟು ದೊಡ್ಡವು ಎಂದು ಗೊತ್ತಿರಲಿಲ್ಲ. ನಂತರ ಬೂದೆಮ್ಮನ ಹಾಡು, ಗುಂಜಹಳ್ಳಿಯವರ ಚಪ್ಪಾಳೆ. ಹಾಡಿನ ಎರಡನೆಯ ಸಾಲಿಗೇ ಕ್ಯಾಮೆರಾ ಅವಳನ್ನು ಬಿಟ್ಟು ಕೆಳಗಿಳಿಯಿತು. ಹೆಣದ ಮುಖ. ಹತ್ತಿರ, ಇನ್ನೂ ಹತ್ತಿರ. ಕಲ್ಯಾಣ ಮಂಟಪದ ಗೋಡೆಯಿಂದ ಗೋಡೆಯವರೆಗೆ ಮುಚ್ಚಿದ ಒಂದು ಕಣ್ಣು. ಅದರ ಮೂಲೆಯಲ್ಲಿ ಬೆಳಕು ತುಂಬಿಕೊಂಡಿತು, ಉಬ್ಬಿತು, ಗಟ್ಟಿಯಾಗಿ ನಿಂತಿತು, ಹೊರಟಿತು.

ಸಭೆ ಉಸಿರು ಹಿಡಿಯಿತು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, ‘ಏ ಹೆಣ ಅಳಾಕತ್ತೈತಲೇ!’ ಎಂದು ಕೂಗಿದ. ಕುರ್ಚಿಗಳು ನಕ್ಕವು, ಗೋಡೆಗಳು ನಕ್ಕವು. ‘ಕಣ್ಣ ಒರಸಾಕ ದಸ್ತಿ ಕೊಡ್ರಪಾ ಹೆಣಕ್ಕ!’ ಎಂದು ಇನ್ನೊಬ್ಬ. ಅಕ್ಷೋಭ್ಯ ಕುರ್ಚಿಯಲ್ಲಿ ಜಾರುತ್ತ ಜಾರುತ್ತ ಬಹುತೇಕ ಮಲಗಿದ ಭಂಗಿಗೆ ಬಂದಿದ್ದ. ಪರದೆಯ ಮೇಲಿನ ಅವನು ಅಲ್ಲಿ, ಇವನು ಇಲ್ಲಿ. ಇಬ್ಬರಲ್ಲಿ ಅಲುಗಾಡಿದ್ದು ಸತ್ತವನೊಬ್ಬನೇ. ವಿಚಿತ್ರವೆಂದರೆ ಮೆಹನಾಜ್ ಆ ದೃಶ್ಯವನ್ನು ಕತ್ತರಿಸಿರಲಿಲ್ಲ. ನಗು ಮುಗಿಯುವ ತನಕ, ಮುಗಿದು ಸಭೆಗೆ ತಾನೇ ನಕ್ಕದ್ದಕ್ಕೆ ಒಂಥರಾ ಆಗುವ ತನಕ, ಆ ಹಳದಿ ಗೆರೆ ಹಾಗೇ ಇತ್ತು. ಎಡಕ್ಕೆ ಮೆಹನಾಜ್ ಸೋಂಪು ಜಗಿಯುವುದನ್ನು ನಿಲ್ಲಿಸಿದ್ದಳು. ಅವಳಿಗೂ ನಿಂಗರಾಜನಿಗೂ ಗೊತ್ತಿತ್ತು. ಎರಡು ತಿಂಗಳಿಂದ ಇಬ್ಬರೂ ಕೂತು ನನ್ನ ಕಣ್ಣನ್ನು ಹಿಂದೆ ಮುಂದೆ ಓಡಿಸಿ ನೋಡಿದ್ದಾರೆ ಎಂದುಕೊಂಡಾಗ ಅಕ್ಷೋಭ್ಯನಿಗೆ ಬಟ್ಟೆ ಬಿಚ್ಚಿದಂತಾಯಿತು.

ಚಿತ್ರ ಮುಗಿದು ದೀಪ ಹತ್ತಿದ್ದೇ ಗಡ್ಡದವರು ಸಿಂಹಾಸನದಿಂದ ಎದ್ದು ಮೈಕು ಹಿಡಿದರು. ‘ಇದು ಈ ಮಧ್ಯಾಹ್ನದ ಅತ್ಯಂತ ಧೈರ್ಯದ ಹನಿ’ ಎಂದರು. ‘ಇಲ್ಲಿ ಸತ್ತವನು ಬದುಕಿರುವವರಿಗಾಗಿ ಅಳುತ್ತಿದ್ದಾನೆ. ಇದು ಒಬ್ಬನ ಕಣ್ಣೀರಲ್ಲ, ಈ ಇಡೀ ಸೀಮೆಯ ಕಣ್ಣೀರು. ನಿರ್ದೇಶಕರು ಇದನ್ನು ಹೇಗೆ ಕಲ್ಪಿಸಿಕೊಂಡರು, ತಿಳಿಯುವ ಕುತೂಹಲ ನನಗೆ.’

ನಿಂಗರಾಜ ಎದ್ದು ಹೋದ. ಒಮ್ಮೆ ಅಕ್ಷೋಭ್ಯನ ಕಡೆ ನೋಡಿದ, ಆಮೇಲೆ ಮಾವನ ಮನೆಗೆ ಬಂದ ಅಳಿಯನ ಗತ್ತಿನಲ್ಲಿ ಮೈಕು ತೆಗೆದುಕೊಂಡ. ‘ಅದು ನನ್ನ ತಲ್ಯಾಗ ಬಾಳ ದಿನದಿಂದ ಇತ್ರಿ ಸರ್. ಸ್ಕ್ರಿಪ್ಟಿನ್ಯಾಗ ಮೊದಲು ಬರೆದದ್ದ ಆ ಹನಿ. ಉಳಿದ ಸಿನಿಮಾ ಆಮೇಲೆ ಬರೆದದ್ದು.’

ಸುಳ್ಳುಬುರುಕ ಎಂದುಕೊಂಡ ಅಕ್ಷೋಭ್ಯ. ನನ್ನ ಕಣ್ಣು, ನನ್ನ ನೀರು, ನನ್ನ ಮಾನ, ಸ್ಕ್ರಿಪ್ಟು ಇವನದಂತೆ! ಅಷ್ಟರಲ್ಲಿ ಗಡ್ಡದವರು ಶವದ ಪಾತ್ರಧಾರಿಯೂ ಇಲ್ಲಿದ್ದಾರೆಯೇ ಎಂದು ಕೇಳಿದರು. ಗುಂಜಹಳ್ಳಿಯವರು ಇವನನ್ನು ಎಬ್ಬಿಸಿ, ಮೆರವಣಿಗೆಗೆ ಎತ್ತಿದಂತೆ ಮುಂದಕ್ಕೆ ತಳ್ಳಿದರು. ವೇದಿಕೆಯ ಮೇಲೆ ನಿಂತಾಗ ಥರ್ಮೋಕೋಲಿನ ವಧುವರರು ಅವನ ತಲೆಯ ಮೇಲೆಯೇ ಹೊಳೆಯುತ್ತಿದ್ದರು.

‘ಅದ್ಭುತ ಸಂಯಮ’ ಎಂದರು ಗಡ್ಡದವರು. ‘ಆ ಹನಿಗೆ ಹೇಗೆ ಸಿದ್ಧತೆ ಮಾಡಿಕೊಂಡಿರಿ? ಗ್ಲಿಸರಿನ್ನೇ, ಅಥವಾ ಒಳಗಿನಿಂದಲೇ ಬಂದದ್ದೇ?’

ಒಳಗಿನಿಂದ ಎಂಬ ಮಾತಿಗೆ ಸಭೆಯ ಅಷ್ಟೂ ಕಣ್ಣುಗಳು ಅವನ ಕಣ್ಣಿಗೆ ಬಂದು ಕೂತವು. ಎರಡನೆಯ ಸಾಲಿನಲ್ಲಿ ಅವನ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಎತ್ತಿ ಹಿಡಿದಿದ್ದ. ಮೊದಲ ಸಾಲಿನಲ್ಲಿ ಬೂದೆಮ್ಮ ಹುಬ್ಬು ಗಂಟಿಕ್ಕಿ ಕಾಯುತ್ತಿದ್ದಳು. ಅಕ್ಷೋಭ್ಯ ಮೈಕನ್ನು ಬಾಯಿಗೆ ತಂದ.

‘ಕಣ್ಣಾಗ ಇರುವಿ ಹೊಕ್ಕಿತ್ತ್ರಿ’ ಎಂದ.

‘ಇರುವೆ?’

‘ಹೂಂ ರೀ. ಕೆಂಪಿರುವಿ.’

ಮಂಟಪ ಸ್ಫೋಟವಾಯಿತು. ಹಿಂದಿನ ಸಾಲಿನವನು ಕುರ್ಚಿಯ ಮೇಲೆ ಹತ್ತಿ ಕುಣಿದ. ಇಡೀ ಸೀಮೆಯ ಕಣ್ಣೀರು ಎಂದಿದ್ದ ಗಡ್ಡದವರು ಗಡ್ಡವನ್ನೊಮ್ಮೆ ಕೆರೆದುಕೊಂಡು ಸಿಂಹಾಸನದಲ್ಲಿ ಕೂತರು. ಪಕ್ಕದ ಗಡ್ಡವಿಲ್ಲದವರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಅಲುಗುತ್ತಿದ್ದರು. ಬೂದೆಮ್ಮ ಎದ್ದು ನಿಂತು ಕೈ ಬೀಸಿ, ‘ಹೊತ್ತು ಮುಳುಗೂತನಕ ಅತ್ತಾಕಿ ನಾನು! ನನ್ನ ಹಾಡು ಅರ್ಧಾ ಕೊಯ್ದು, ಇರುವಿ ಕಡದವನ ಕಣ್ಣು ತೋರಸ್ತೀರಿ? ನಿಮ್ಮ ಸಿನಿಮಾಕ್ಕ ಬೆಂಕಿ ಹತ್ತಲಿ!’ ಎಂದಳು. ಆಮೇಲೆ ಬುತ್ತಿಯ ಗಂಟನ್ನು ಎತ್ತಿಕೊಂಡು ಹೊರಗೆ ನಡೆದಳು. ನಗುವಿನ ಆ ಅಲೆಯ ಮೇಲೆ ಅಕ್ಷೋಭ್ಯನಿಗೆ ಒಂದು ಕ್ಷಣ ಹಗುರವೆನಿಸಿತು. ಜೀವಮಾನದಲ್ಲಿ ಮೊದಲ ಸಲ ಸಭೆಯನ್ನು ನಗಿಸಿದ್ದ. ಆಗ ನಿಂಗರಾಜನ ಮುಖ ನೋಡಿದ. ಇವನಿಗೆ ಮೈಕು ಕೊಟ್ಟ ಕೈ ಕೆಳಗೆ ಬಿದ್ದಿತ್ತು, ಮುಖದ ಮೇಲೆ ಮಾತ್ರ ನಗು ಇತ್ತು. ಊಟಕ್ಕೆ ಕರೆದು ಎಲೆ ಎತ್ತಿಸಿದಾಗ ಮನುಷ್ಯ ನಗುತ್ತಾನಲ್ಲ, ಅಂಥದ್ದು.

ಸಂಜೆಯ ಹೊತ್ತಿಗೆ ಪ್ರಶಸ್ತಿ ಫ್ಯಾನಿಗೆ ಹೋಯಿತು. ಬಿಸಿಲು ಇಳಿದಿರಲಿಲ್ಲ. ಮಂಟಪದ ಎದುರಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂಡಿಯ ಹತ್ತಿರ ಮೂವರೂ ನಿಂತರು. ಎಣ್ಣೆಯಲ್ಲಿ ಮೆಣಸಿನಕಾಯಿ ಚುರುಗುಟ್ಟುತ್ತಿತ್ತು. ಅಕ್ಷೋಭ್ಯ, ತನ್ನದೇ ಸರಿ ಎಂಬ ದನಿಯಲ್ಲಿ, ‘ನನ್ನ ಕೇಳದ ಯಾಕ ಇಟ್ಟಿ ಅದನ್ನ? ಮ್ಯಾಲೆ ಸ್ಕ್ರಿಪ್ಟಿನ್ಯಾಗ ಇತ್ತಂತ!’ ಎಂದ.

ನಿಂಗರಾಜ ಕೈಯಲ್ಲಿದ್ದ ಕಾಗದದ ತಟ್ಟೆಯನ್ನು ಬಂಡಿಯ ಮೇಲಿಟ್ಟ. ‘ಲೇ ಆಚಾರಿ. ನಿಮ್ಮಪ್ಪ ಹೋದಾಗ ನೀ ಐಸ್ ಪೆಟ್ಟಿಗ್ಯಾವನ ಕೂಡ ಪ್ಲಗ್ಗು ಹುಡುಕ್ಕೋತ ನಿಂತಿದ್ದಿ. ಆವತ್ತಿನಿಂದ ನಂಗ ನಿನ್ನ ನೋಡಿದ್ರ ಹೆದರಿಕಿ. ಇವನೊಳಗ ಯಾರೂ ಇಲ್ಲೇನಪಾ, ಖಾಲಿ ಮನಿ ಏನು, ಅಂತ. ಎಡಿಟಿಂಗಿಗೆ ಕುಂತಾಗ ಆ ನೀರು ಕಂಡ್ತು ನೋಡು. ಕುರ್ಚಿ ಮ್ಯಾಲಿಂದ ಎದ್ದು ಹೊರಗ ಹೋಗಿ ನಿಂತೆ. ಕೇಳು ಈಕಿನ್ನ.’

‘ನಾ ತೆಗೀತೀನಿ ಅಂದೆ’ ಎಂದಳು ಮೆಹನಾಜ್. ‘ತೆಗದ್ರ ಸ್ಟುಡಿಯೋಕ್ಕ ಬೀಗ ಹಾಕ್ತೀನಿ ಅಂದ. ಇಡೀ ಸಿನಿಮಾದಾಗ ಅದೊಂದ ಖರೇ ಅದ, ಬಾಕಿ ಎಲ್ಲಾ ನಾಟಕ ಅಂದ. ಹೌದ ಅದ ಯಾರ್.’

‘ಮತ್ತ ಸುಳ್ಳು?’

‘ಸುಳ್ಳು ನಿನ್ನ ಸಲುವಾಗಿ ಹೇಳಿದ್ದು’ ಎಂದ ನಿಂಗರಾಜ. ‘ನಿರ್ದೇಶಕನ ತಲಿ ಅಂದುಬಿಟ್ರ ನಿನ್ನ ಕಣ್ಣಿನ ಸುದ್ದಿಗೆ ಯಾರೂ ಬರಂಗಿಲ್ಲ ಅಂತ. ನೀ ಅತ್ತಿ ಅಂತ ಸಭಾದಾಗ ಹೇಳಿದ್ರ ನೀ ಸತ್ತ ಹೋಗ್ತಿದ್ದಿ, ನಂಗ ಗೊತ್ತಿಲ್ಲೇನು?’ ಬಂಡಿಯ ಮೇಲಿನ ತಟ್ಟೆಯನ್ನು ಮತ್ತೆ ಎತ್ತಿಕೊಂಡು, ‘ಪ್ರಶಸ್ತಿ ಆಸೀನೂ ಇತ್ತು. ಇಲ್ಲ ಅನ್ನಂಗಿಲ್ಲ. ಆದರ ಫ್ಯಾನಿಗೆ ಸೋತೆನಲ್ಲೋ, ಫ್ಯಾನಿಗೆ!’

ಅಕ್ಷೋಭ್ಯನ ಕಾಲು ತಾನಾಗಿಯೇ ಮಂಟಪದ ಮೆಟ್ಟಿಲ ಕಡೆ ಹೊರಟಿತು. ಅಲ್ಲಿ ಬೂದೆಮ್ಮ ಸೆರಗು ಹರವಿಕೊಂಡು ಕೂತು, ಬುತ್ತಿ ಬಿಚ್ಚಿ, ಸಿಟ್ಟಿನಿಂದ ರೊಟ್ಟಿ ಮುರಿಯುತ್ತಿದ್ದಳು. ಇವನು ಎದುರು ನಿಂತರೂ ತಲೆ ಎತ್ತಲಿಲ್ಲ.

‘ಯವ್ವಾ, ಇರುವಿ ಇರಲಿಲ್ಲ’ ಎಂದ ಅಕ್ಷೋಭ್ಯ. ‘ನಾ ಅತ್ತಿದ್ದೆ.’

‘ಯಾಕ್ರೀ?’

‘ನೀ ಅಷ್ಟು ಚಂದ ಹೊಗಳಿದಿ. ಅದಕ್ಕ.’

ಬೂದೆಮ್ಮನ ಕೈಯಲ್ಲಿ ರೊಟ್ಟಿ ನಿಂತಿತು. ಇವನನ್ನು ಕೆಳಗಿನಿಂದ ಮೇಲೆ ನೋಡಿದಳು. ‘ಹೊಗಳಿದ್ದಕ್ಕ ಅತ್ರಾ!’ ಎಂದು ಮೊದಲು ಮೆಲ್ಲಗೆ, ಆಮೇಲೆ ಇಡೀ ಸ್ಟೇಷನ್ ರಸ್ತೆಗೆ ಕೇಳುವಂತೆ ನಕ್ಕಳು. ಹಿಂದೆಯೇ ಬಂದು ನಿಂತಿದ್ದ ನಿಂಗರಾಜ, ಮೆಹನಾಜ್ ಇಬ್ಬರಿಗೂ ಎಲ್ಲಾ ಕೇಳಿಸಿತ್ತು. ‘ಆಚಾರ್ರೇ, ತಪ್ಪು ತಿಳೀಬ್ಯಾಡ್ರಿ. ಅದು ನಿಮಗ ಅತ್ತದ್ದಲ್ಲ. ನಮ್ಮ ಟಗರು ಸತ್ತಿತ್ರಿ, ಮುಂಗಾರಿನ್ಯಾಗ. ಅದನ್ನ ನೆನಸ್ಕೊಂಡು ಅತ್ತೆ. ಹಟ್ಟಿ ಬಾಗಲದಾಗ ನಿಂತರ ಖರೇನ ಹಟ್ಟಿ ತುಂಬತಿತ್ರಿ ಅದು.’

‘ಟಗರು’ ಎಂದ ಅಕ್ಷೋಭ್ಯ.

‘ಅತ್ತಿ, ಮಾವ ಸತ್ತಾಗೂ ನೀ ಹಿಂಗ ಅತ್ತಿಲ್ಲಲ್ಲ’ ಎಂದ ನಿಂಗರಾಜ.

‘ಅವಗ ಇಷ್ಟು ಚಂದ ಬರಲಿಲ್ಲೋ. ಏನಂತ ಹಾಡ್ಲಿ, ಕುಡದು ಬಂದು ದನದ ಗ್ವಾದ್ಲ್ಯಾಗ ಮಲಗಾಂವ.’ ಆಕೆ ಕಣ್ಣು ಒರೆಸಿಕೊಂಡು ಅಕ್ಷೋಭ್ಯನಿಗೆ ಮೆಟ್ಟಿಲ ಮೇಲೆ ಜಾಗ ತೋರಿಸಿದಳು. ಅವನು ಇಸ್ತ್ರಿಯ ಪ್ಯಾಂಟನ್ನು ಮರೆತು ಧೂಳಿನಲ್ಲಿ ಕೂತ. ಅರ್ಧ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಲೆ ಅವನ ಕೈಗೆ ಬಂತು. ಬೆಳ್ಳುಳ್ಳಿ ಢಾಳಾಗಿ ಹೊಡೆಯುತ್ತಿತ್ತು. ಒಂದು ತುತ್ತು ಕಡಿದ. ಅವಳು ಅವನನ್ನೇ ನೋಡುತ್ತ, ವ್ಯಾಪಾರಕ್ಕೆ ಕೂತವಳಂತೆ ಕೇಳಿದಳು: ‘ನಿಮ್ಮದೇನ್ರಿ ಹಾಡೂದು? ಹೇಳ್ರಿ. ಈಗ ಹಾಡ್ತೀನಿ. ನನ್ನ ಹಾಡು ಅರ್ಧಕ್ಕ ಕೊಯ್ದಾರ, ಗಂಟಲದಾಗ ಹಂಗ ಉಳದೈತಿ.’

ಅಕ್ಷೋಭ್ಯ ಯೋಚಿಸಿದ. ಸಮಯಕ್ಕೆ ಸರಿಯಾಗಿ ಬರುವುದರ ಹೊರತು ಬೇರೇನೂ ಹೊಳೆಯಲಿಲ್ಲ.

‘ನಾ ಹೇಳ್ತೀನಿ’ ಎಂದಳು ಮೆಹನಾಜ್, ಕೆಳಗಿನ ಮೆಟ್ಟಿಲ ಮೇಲೆ ಕೂತು. ‘ನಮ್ಮ ಅಬ್ಬಾ ದವಾಖಾನ್ಯಾಗ ಇದ್ದಾಗ ಇವ ಬಾಗಲ ಹೊರಗ ಬಂದು ಕುಂತಿದ್ದ. ದಿನಾ. ಒಂದು ಮಾತು ಆಡಲಿಲ್ಲ, ಹೋಗು ಅಂದ್ರ ಹೋಗಲಿಲ್ಲ. ಬೋರ್ ಮಾಡಿ ಇಟ್ಟಿದ್ದ.’

ಬೂದೆಮ್ಮ ಗಂಟಲು ಸರಿಮಾಡಿಕೊಂಡಳು. *ಕರೀದಿದ್ರೂ ಬಂದವನೇ, ಪರರ ಬಾಗಲ ಕಾದವನೇ, ಬಾಯಿ ಇಲ್ಲದ ಬಂಗಾರವೇ.* ಟಂಟಂ ಹತ್ತಲು ಬರುತ್ತಿದ್ದ ಗುಂಜಹಳ್ಳಿಯವರು ನಿಂತರು. ಮಿರ್ಚಿ ಬಂಡಿಯವನು ಜಾಲರಿ ಎತ್ತಿ ಹಿಡಿದು ಇತ್ತ ನೋಡಿದ.

‘ಪರೀಕ್ಷಾದಾಗ ತನ್ನ ಪೇಪರ್ ನಂಗ ತೋರಸ್ತಿದ್ದ’ ಎಂದ ನಿಂಗರಾಜ. ‘ಅದೂ ತಪ್ಪ ಇರ್ತಿತ್ತು. ಇಬ್ಬರೂ ಒಂದ ವಿಷಯದಾಗ ನಪಾಸಾದ್ವಿ.’

*ತನ್ನ ತಪ್ಪನೂ ಹಂಚಿ ಉಂಡವನೇ, ಗೆಣೆಕಾರನ ಕೂಡ ಮುಳುಗಿದವನೇ.*

ಜನ ನಕ್ಕರು. ಅಕ್ಷೋಭ್ಯನ ಕಿವಿ ಸುಡುತ್ತಿತ್ತು. ಎದ್ದು ಓಡಬೇಕೆನಿಸಿತು, ಓಡಲಿಲ್ಲ. ನಾಲಗೆಯ ಮೇಲೆ ಪುಂಡಿಯ ಹುಳಿ ಇತ್ತು. ‘ಮುಂದ?’ ಎಂದಳು ಬೂದೆಮ್ಮ. ಗೆಳೆಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಅಕ್ಷೋಭ್ಯನ ಬಾಯಿಯಿಂದ, ಅವನು ಪೂರ್ಣಶ್ರೀಗೂ ಹೇಳಿರದ ಒಂದು ಸಂಗತಿ, ರೊಟ್ಟಿಯ ತುತ್ತಿನ ಜೊತೆಗೇ ಹೊರಗೆ ಬಿತ್ತು.

‘ಅಪ್ಪಗ ನಿದ್ದಿ ಬರ್ತಿರಲಿಲ್ಲ ಕಡೀಕಡೀಗೆ. ನಸುಕಿನ್ಯಾಗ ಎದ್ದು ಚಹಾ ಮಾಡಿ ಕೊಡ್ತಿದ್ದೆ. ಮನಿಯವರು ಎಲ್ಲಾ ಮಲಗಿರ್ತಿದ್ರು. ಇಬ್ಬರೂ ಕತ್ತಲದಾಗ ಕುಂತು ಕುಡೀತಿದ್ವಿ. ಅವರೂ ಏನೂ ಅಂತಿರಲಿಲ್ಲ, ನಾನೂ ಅಂತಿರಲಿಲ್ಲ.’

ಯಾರೂ ನಗಲಿಲ್ಲ. ನಿಂಗರಾಜ ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳತೊಡಗಿದ, ಅದು ಸರಿಯಾಗಿಯೇ ಇತ್ತು. ಬೂದೆಮ್ಮ ಅವನ ಎದೆಯ ಮೇಲೆ, ಆವತ್ತು ಇಟ್ಟಲ್ಲಿಯೇ, ಕೈ ಇಟ್ಟಳು. ಕಣ್ಣು ಮುಚ್ಚಿದಳು. *ನಸುಕಿನ್ಯಾಗ ಎದ್ದವನೇ, ಹಡದಪ್ಪನ ತುಟಿಗೆ ಸಕ್ಕರಿ ಚಾ ಹಿಡದವನೇ.*

‘ಸಕ್ಕರಿ ಹಾಕ್ತಿರಲಿಲ್ಲ ಯವ್ವಾ’ ಎಂದ ಅಕ್ಷೋಭ್ಯ. ‘ಅಪ್ಪಗ ಸಕ್ಕರಿ ಬ್ಯಾನಿ ಇತ್ತು.’

ಬೂದೆಮ್ಮ ಒಂದು ಕಣ್ಣು ತೆರೆದಳು. ‘ಸಕ್ಕರಿ ಇಲ್ಲದ್ದು ಹಾಡಿನ್ಯಾಗ ಕುಂಡ್ರಂಗಿಲ್ರಿ. ಮತ್ತ ಹೋದವರಿಗೆ ಯಾತರ ಸಕ್ಕರಿ ಬ್ಯಾನಿ? ಹಾಕ್ಲೋ, ಬ್ಯಾಡೋ?’

ಟಂಟಂನವನು ಹಾರ್ನ್ ಒತ್ತಿದ. ಯಾರೋ ಅವನನ್ನು ಬೈದು ಸುಮ್ಮನಾಗಿಸಿದರು. ಅಕ್ಷೋಭ್ಯನಿಗೆ ಎದುರಿನ ಬಂಡಿ, ಜನ, ರಸ್ತೆ ಎಲ್ಲ ಕಲಕಿದ ನೀರಿನಲ್ಲಿ ಕಂಡಂತೆ ಕಾಣತೊಡಗಿತ್ತು. ಅವನು ಅದನ್ನು ಒರೆಸಿಕೊಳ್ಳಲು ಹೋಗಲಿಲ್ಲ.

‘ಹಾಕು’ ಎಂದ. ‘ಎರಡು ಚಮಚ ಹಾಕು ಯವ್ವಾ.’